ಕಸಿ ಎಂದರೆ ಪೈಪ್ ಜೋಡಣೆಯಲ್ಲ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ವಿಸರ್ಜನೆಯ ಅಧ್ಯಾಯ ಮುಗಿಯುವ ಹೊತ್ತಿಗೆ ಮೂತ್ರಪಿಂಡ ಕಸಿಯ ಬಗ್ಗೆ ಎರಡು ಮೂರು ಸಾಲು ಬರುತ್ತವೆ. ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ಇದೇ ಕೊನೆಯ ಉಪಾಯ, ಹತ್ತಿರದ ಸಂಬಂಧಿಯಿಂದ ಪಡೆದರೆ ದೇಹ ಅದನ್ನು ತಿರಸ್ಕರಿಸುವ ಸಂಭವ ಕಡಿಮೆ, ಈಗಿನ ವಿಧಾನಗಳಿಂದ ಯಶಸ್ಸು ಹೆಚ್ಚಿದೆ. ಪರೀಕ್ಷೆಗೆ ಅಷ್ಟು ಸಾಕು. ಈ ವರ್ಷ ಆ ಸಾಲುಗಳನ್ನು ಓದಿ ಪುಸ್ತಕ ಮುಚ್ಚುವಷ್ಟರಲ್ಲಿ ನ್ಯಾಮತಿ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸಾರ್, ನಮ್ಮ ಅಮ್ಮಿ ನಮ್ಮ ಮಾಮುಗೆ ಕಿಡ್ನಿ ಕೊಟ್ಟಿದಾರೆ. ರಕ್ತನಾಳ ಜೋಡಿಸಿದ್ದು ಅರ್ಥ ಆಯ್ತು. ಮೂತ್ರ ಇಳಿಯೋ ನಾಳನ ಹೆಂಗೆ ಜೋಡಿಸ್ತಾರೆ? ಒಳಗೆ ಒಂದು ಸ್ಟೆಂಟ್ ಬಿಟ್ಟಿದೀವಿ, ಕೆಲವು ವಾರ ಆದ್ಮೇಲೆ ತೆಗೀತೀವಿ ಅಂದ್ರಂತೆ. ಯಾಕೆ ಬಿಡ್ತಾರೆ?"

ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಬಹಳ ಒಳ್ಳೆಯದು. ಕಸಿಯ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ದಾನಿ ಯಾರು, ರಕ್ತದ ಗುಂಪು ಹೊಂದಿತೇ, ಎಷ್ಟು ಗಂಟೆ ಶಸ್ತ್ರಚಿಕಿತ್ಸೆ ಎನ್ನುವುದು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಹಾಕುವ ಆ ಸಣ್ಣ ಹೊಲಿಗೆಯ ಬಗ್ಗೆ ಯಾರೂ ಬರೆಯುವುದಿಲ್ಲ. ಮಾಮುವಿಗೆ ಹಾಕಿದ ಆ ಹೊಲಿಗೆಯನ್ನು ವೈದ್ಯರು ಕಲಿತದ್ದು ನಾಯಿ, ಬೆಕ್ಕುಗಳ ಮೇಲೆ. ಇವತ್ತು ಅದೇ ವಿದ್ಯೆ ತಿರುಗಿ ಬೆಕ್ಕುಗಳ ಜೀವ ಉಳಿಸುತ್ತಿದೆ. ಆದ್ದರಿಂದ ಉತ್ತರವನ್ನು ಪ್ರಾಣಿಗಳಿಂದಲೇ ಶುರು ಮಾಡುತ್ತೇನೆ.

ಮೊದಲು ಮೂತ್ರನಾಳ ಎಂದರೇನು ಎಂಬುದು ಸ್ಪಷ್ಟವಾಗಲಿ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಅದು, ಅಂದರೆ ಯುರೇಟರ್. ಮೂತ್ರಕೋಶದಿಂದ ಹೊರಗೆ ಬರುವ ಯುರೆಥ್ರಾ ಬೇರೆ. ಇವೆರಡನ್ನು ಅದಲುಬದಲು ಬರೆಯುವವರು ಪ್ರತಿ ವರ್ಷ ನಾಲ್ಕೈದು ಜನ ಇದ್ದೇ ಇರುತ್ತಾರೆ. ಮನುಷ್ಯರ ಮೂತ್ರನಾಳ 25ರಿಂದ 30 ಸೆಂ.ಮೀ. ಉದ್ದ, 3–4 ಮಿ.ಮೀ. ದಪ್ಪ. ಚನ್ನಗಿರಿ ಕಡೆಯ ಅಡಿಕೆ ತೋಟದ ಮಕ್ಕಳಿಗೆ ತಕ್ಷಣ ಹನಿ ನೀರಾವರಿಯ ಪೈಪ್ ನೆನಪಾಗುತ್ತದೆ. ಆದರೆ ಆ ಪೈಪಿನಲ್ಲಿ ನೀರು ಹರಿಯುವುದು ಮೋಟಾರಿನ ಒತ್ತಡದಿಂದ. ಮೂತ್ರನಾಳಕ್ಕೆ ಹಿಂದಿನಿಂದ ತಳ್ಳುವ ಮೋಟಾರು ಇಲ್ಲ. ಅದರ ಗೋಡೆಯಲ್ಲಿ ಸ್ನಾಯುವಿದೆ, ಮೇಲಿನಿಂದ ಕೆಳಕ್ಕೆ ಅಲೆಯಂತೆ ಹಿಸುಕುತ್ತಾ ಮೂತ್ರವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತದೆ. ಈ ಅಲೆ ಹುಟ್ಟುವುದು ಮೂತ್ರಪಿಂಡದ ಒಳಗಿನ ಬಟ್ಟಲುಗಳ ಹತ್ತಿರ. ಕಸಿ ಮಾಡುವಾಗ ನರಗಳನ್ನೆಲ್ಲ ಕತ್ತರಿಸಿರುತ್ತಾರೆ, ಮತ್ತೆ ಜೋಡಿಸುವುದಿಲ್ಲ. ಆದರೂ ಅಲೆ ನಿಲ್ಲುವುದಿಲ್ಲ, ಏಕೆಂದರೆ ಅದು ಆ ಸ್ನಾಯುವಿನದೇ ಗುಣ.

ಎರಡನೆಯ ವಿಶೇಷ ಕೆಳತುದಿಯಲ್ಲಿದೆ. ನಾಳ ಮೂತ್ರಕೋಶದ ಗೋಡೆಯನ್ನು ನೇರವಾಗಿ ತೂರಿ ಒಳಗೆ ಹೋಗುವುದಿಲ್ಲ. ಓರೆಯಾಗಿ, ಗೋಡೆಯ ಪದರಗಳ ನಡುವೆ ಸ್ವಲ್ಪ ದೂರ ಸಾಗಿ ಆಮೇಲೆ ಬಾಯಿ ತೆರೆಯುತ್ತದೆ. ಮೂತ್ರಕೋಶ ತುಂಬಿದಂತೆ ಒಳಪದರ ಆ ನಾಳವನ್ನು ಗೋಡೆಗೆ ಒತ್ತಿ ಮುಚ್ಚುತ್ತದೆ. ಮೇಲಿನಿಂದ ಮೂತ್ರ ಬರಬಹುದು, ಕೆಳಗಿನಿಂದ ವಾಪಸ್ ಹೋಗಲಾರದು. ಇದನ್ನು ಕಣ್ಣಾರೆ ನೋಡಬೇಕಾದರೆ ಮಟನ್ ಅಂಗಡಿಯವರಿಗೆ ಹೇಳಿ, ಎರಡೂ ನಾಳ ಬಿಡದಂತೆ ಆಡಿನ ಮೂತ್ರಕೋಶ ತೆಗೆದಿಟ್ಟುಕೊಳ್ಳಲು. ಕೆಳಗಿನಿಂದ ಸಿರಿಂಜಿನಲ್ಲಿ ನೀರು ತುಂಬಿಸಿ, ಬಾಯಿ ಕಟ್ಟಿ, ಮೆಲ್ಲಗೆ ಒತ್ತಿ. ಮೇಲಿನ ನಾಳಗಳ ತುದಿಯಿಂದ ನೀರು ಬರುವುದಿಲ್ಲ. ಎರಡನೆಯ ಶತಮಾನದಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್ ಪ್ರಾಣಿಗಳ ಮೂತ್ರನಾಳ ಕಟ್ಟಿ ತೋರಿಸಿದ್ದೂ ಇಂಥದ್ದೇ ಪ್ರಯೋಗ. ನಾಳ ಕಟ್ಟಿದರೆ ಮೂತ್ರಕೋಶ ಖಾಲಿ, ನಾಳದ ಮೇಲ್ಭಾಗ ಊದಿಕೊಳ್ಳುತ್ತದೆ. ಮೂತ್ರ ತಯಾರಾಗುವುದು ಮೂತ್ರಪಿಂಡದಲ್ಲೇ ಎಂದು ಅವನು ಸಾಧಿಸಿದ್ದು ಹೀಗೆ.

ಈ ದಾರಿ ಕಟ್ಟಿದರೆ ಅಥವಾ ಸೋರಿದರೆ ಏನಾಗುತ್ತದೆ ಎಂಬುದು ಜಗಳೂರು ಕಡೆಯ ಕುರಿ ಸಾಕುವ ಮನೆಗಳ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾಳು, ಹಿಂಡಿ ಜಾಸ್ತಿ ತಿನ್ನಿಸಿ ಕೊಬ್ಬಿಸಿದ ಗಂಡು ಕುರಿಗೆ ಕೆಲವೊಮ್ಮೆ ಸಣ್ಣ ಹರಳು ಸಿಕ್ಕಿ ಮೂತ್ರ ಕಟ್ಟುತ್ತದೆ. ಅದು ಯುರೆಥ್ರಾದ ತೊಂದರೆ, ಯುರೇಟರಿನದಲ್ಲ. ಆದರೆ ಪಾಠ ಒಂದೇ. ಕುರಿ ನರಳುತ್ತದೆ, ಒದ್ದಾಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ. ನಿಜವಾಗಿ ಮೂತ್ರಕೋಶ ಒಡೆದು ಮೂತ್ರ ಹೊಟ್ಟೆಯೊಳಗೆ ಹರಡಿರುತ್ತದೆ. ಹೊಟ್ಟೆಯ ಪೊರೆ ಅದನ್ನು ಹೀರಿ ಮತ್ತೆ ರಕ್ತಕ್ಕೆ ಸೇರಿಸುತ್ತದೆ. ಹೊರಹಾಕಿದ್ದ ಯೂರಿಯಾ, ಪೊಟ್ಯಾಸಿಯಂ ಎಲ್ಲ ವಾಪಸ್. ಎರಡು ಮೂರು ದಿನದಲ್ಲಿ ಕುರಿ ಸಾಯುತ್ತದೆ. ಕಸಿ ಮಾಡಿದ ಮೂತ್ರನಾಳದ ಹೊಲಿಗೆ ಬಿಟ್ಟರೆ ಆಗುವುದೂ ಇದೇ. ಮೂತ್ರಪಿಂಡ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಪ್ರಯೋಜನವಿಲ್ಲ.

ಈಗ ಇತಿಹಾಸ. 1902ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಎಮೆರಿಕ್ ಉಲ್‌ಮನ್ ಒಂದು ನಾಯಿಯ ಮೂತ್ರಪಿಂಡವನ್ನು ತೆಗೆದು ಅದೇ ನಾಯಿಯ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸಿದ. ಕುತ್ತಿಗೆ ಯಾಕೆ? ಅಲ್ಲಿ ರಕ್ತನಾಳ ದಪ್ಪ, ಕೈಗೆ ಸುಲಭವಾಗಿ ಸಿಗುತ್ತದೆ. ಮೂತ್ರನಾಳವನ್ನು ಏನು ಮಾಡಿದ? ಏನೂ ಮಾಡಲಿಲ್ಲ, ಅದರ ತುದಿಯನ್ನು ಚರ್ಮದ ಹೊರಗೆ ಬಿಟ್ಟ. ಕುತ್ತಿಗೆಯಿಂದ ಮೂತ್ರ ತೊಟ್ಟಿಕ್ಕುವುದನ್ನು ನೆರೆದ ವೈದ್ಯರು ನೋಡಿದರು. ಮೂತ್ರಪಿಂಡ ಐದು ದಿನ ಕೆಲಸ ಮಾಡಿತು. ಬೇರೆ ಕಡೆ ನೆಟ್ಟರೂ ಮೂತ್ರಪಿಂಡ ಬದುಕುತ್ತದೆ ಎಂದು ತೋರಿಸಲು ಅಷ್ಟು ಸಾಕಾಗಿತ್ತು. ಬದುಕಿ ಬಾಳಲು ಸಾಲದು, ಏಕೆಂದರೆ ಚರ್ಮದ ಮೇಲೆ ತೆರೆದ ನಾಳಕ್ಕೆ ಸೋಂಕು ಹತ್ತುತ್ತದೆ, ಬಾಯಿ ಕಿರಿದಾಗುತ್ತದೆ.

ಅದೇ ಕಾಲದಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದ ಅಲೆಕ್ಸಿಸ್ ಕ್ಯಾರೆಲ್ ರಕ್ತನಾಳ ಹೊಲಿಯುವ ವಿಧಾನ ಕಂಡುಹಿಡಿದ. 1894ರಲ್ಲಿ ಅದೇ ಊರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಕಾರ್ನೋ ಚೂರಿ ಇರಿತದಿಂದ ಸತ್ತಿದ್ದ. ಹರಿದ ದೊಡ್ಡ ರಕ್ತನಾಳ ಹೊಲಿಯಲು ಆಗ ಯಾರಿಗೂ ಬರುತ್ತಿರಲಿಲ್ಲ. ಕ್ಯಾರೆಲ್ ಕಸೂತಿ ಹಾಕುವ ಒಬ್ಬ ಹೆಂಗಸಿನ ಹತ್ತಿರ ಹೋಗಿ ಸಣ್ಣ ಸೂಜಿ, ನವಿರು ರೇಷ್ಮೆ ದಾರ ಹಿಡಿಯುವುದನ್ನು ಕಲಿತ. ನಮ್ಮಲ್ಲಿ ಮನೆಯಲ್ಲಿ ಕೂತು ಜರಿ, ಕಸೂತಿ ಮಾಡುವ ಅಮ್ಮಂದಿರ ಮಕ್ಕಳು ಬಹಳ ಜನ ಓದುತ್ತಿದ್ದೀರಿ, ಅದಕ್ಕೇ ಈ ಮಾತು ಸೇರಿಸಿದೆ. ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಂತು.

ನನಗೆ ಇಷ್ಟವಾದ ಅವನ ಕೆಲಸ ಬೇರೆಯೇ ಇದೆ. 1908ರಲ್ಲಿ ಪ್ರಕಟಿಸಿದ ಬೆಕ್ಕುಗಳ ಪ್ರಯೋಗದಲ್ಲಿ ಅವನು ಮೂತ್ರನಾಳವನ್ನು ಕತ್ತರಿಸಲೇ ಇಲ್ಲ. ಎರಡೂ ಮೂತ್ರಪಿಂಡ, ಅವುಗಳ ರಕ್ತನಾಳ, ಮಹಾಪಧಮನಿ ಮತ್ತು ಮಹಾಸಿರೆಯ ಒಂದೊಂದು ತುಂಡು, ಎರಡೂ ಮೂತ್ರನಾಳ, ಕೊನೆಗೆ ಅವು ತೆರೆದುಕೊಳ್ಳುವ ಮೂತ್ರಕೋಶದ ಒಂದು ಚೂರು, ಇಷ್ಟನ್ನೂ ಒಟ್ಟಿಗೆ ತೆಗೆದು ಇನ್ನೊಂದು ಬೆಕ್ಕಿಗೆ ಹಾಕಿದ. ಹೊಲಿಗೆ ಬಿದ್ದದ್ದು ಮೂತ್ರಕೋಶದ ಚೂರನ್ನು ಮೂತ್ರಕೋಶಕ್ಕೆ. ದಪ್ಪ ಗೋಡೆಯನ್ನು ದಪ್ಪ ಗೋಡೆಗೆ ಹೊಲಿಯುವುದು ಸುಲಭ, ನಾಳದ ಸಹಜ ಬಾಯಿಯೂ ಹಾಗೇ ಉಳಿಯುತ್ತದೆ. ಗಿಡ ಕೀಳುವಾಗ ಬೇರಿನ ಜೊತೆ ಮಣ್ಣಿನ ಹೆಂಟೆಯನ್ನೂ ತರುವ ಹಾಗೆ. ಆ ಬೆಕ್ಕುಗಳು ಬಹಳ ದಿನ ಉಳಿಯಲಿಲ್ಲ. ದೇಹ ಪರರ ಅಂಗವನ್ನು ಯಾಕೆ ತಿರಸ್ಕರಿಸುತ್ತದೆ ಎಂಬುದು ಅಂದು ಯಾರಿಗೂ ಅರ್ಥವಾಗಿರಲಿಲ್ಲ.

ಮನುಷ್ಯರಲ್ಲೂ ದಾರಿ ಹೀಗೇ ಸಾಗಿತು. 1950ರ ದಶಕದ ಆರಂಭದಲ್ಲಿ ಬೋಸ್ಟನ್ನಿನ ಡೇವಿಡ್ ಹ್ಯೂಮ್ ರೋಗಿಗಳ ತೊಡೆಗೆ ಮೂತ್ರಪಿಂಡ ಜೋಡಿಸಿ ನಾಳವನ್ನು ಚರ್ಮಕ್ಕೆ ಬಿಟ್ಟರು, ಉಲ್‌ಮನ್ ನಾಯಿಗೆ ಮಾಡಿದಂತೆಯೇ. ಅದೇ ಊರಿನ ಜೋಸೆಫ್ ಮರ್ರೆ ನಾಯಿಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ, ಮೂತ್ರಪಿಂಡವನ್ನು ಹೊಟ್ಟೆಯ ಕೆಳಭಾಗದಲ್ಲಿಟ್ಟು ನಾಳವನ್ನು ಮೂತ್ರಕೋಶಕ್ಕೇ ಜೋಡಿಸುವ ವಿಧಾನ ರೂಢಿಸಿಕೊಂಡರು. 1954ರ ಡಿಸೆಂಬರ್ 23ರಂದು ಅವಳಿ ಸಹೋದರರ ನಡುವೆ ಅವರು ಮಾಡಿದ ಕಸಿ ಯಶಸ್ವಿಯಾಯಿತು. ಭಾರತದಲ್ಲಿ ಮೊದಲ ಯಶಸ್ವಿ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ. ಇಂದು ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ಕಸಿ ನಡೆಯುತ್ತದೆ.

ಹೊಟ್ಟೆಯ ಕೆಳಭಾಗದಲ್ಲೇ ಯಾಕೆ ಇಡುತ್ತಾರೆ? ಹಳೆಯ ಜಾಗದಲ್ಲೇ ಇಡಬಹುದಲ್ಲ ಎಂದು ತರಗತಿಯಲ್ಲಿ ಕೇಳಿದವರಿದ್ದಾರೆ. ಇಲ್ಲಿದೆ ಇಡೀ ವಿಷಯದ ತಿರುಳು. ಮೂತ್ರನಾಳವೂ ಜೀವಂತ ಅಂಗ, ಅದಕ್ಕೂ ರಕ್ತ ಬೇಕು. ದೇಹದಲ್ಲಿದ್ದಾಗ ಅದರ ಮೇಲ್ಭಾಗಕ್ಕೆ ಮೂತ್ರಪಿಂಡದ ಧಮನಿಯಿಂದ, ನಡುಭಾಗಕ್ಕೆ ಮಹಾಪಧಮನಿಯ ಸಣ್ಣ ಕವಲುಗಳಿಂದ, ಕೆಳಭಾಗಕ್ಕೆ ಮೂತ್ರಕೋಶದ ಹತ್ತಿರದ ಧಮನಿಗಳಿಂದ ರಕ್ತ ಬರುತ್ತದೆ. ದಾನಿಯಿಂದ ತೆಗೆದ ಕೂಡಲೇ ಕೆಳಗಿನ ಮತ್ತು ನಡುವಿನ ಸಂಪರ್ಕ ಕಡಿದುಹೋಗುತ್ತದೆ. ಉಳಿಯುವುದು ಮೇಲಿನದು ಮಾತ್ರ. ತುದಿಗೆ ರಕ್ತ ತಲುಪುವುದು ಕಷ್ಟ. ಭದ್ರಾ ನಾಲೆಯ ಕೊನೆಭಾಗದ ಗದ್ದೆಗಳ ಕಥೆಯನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲೆ ಉದ್ದವಾದಷ್ಟೂ ಕೊನೆಯ ಗದ್ದೆ ಒಣಗುತ್ತದೆ. ಆದ್ದರಿಂದ ಮೂತ್ರಪಿಂಡವನ್ನೇ ಮೂತ್ರಕೋಶದ ಹತ್ತಿರಕ್ಕೆ ತರುತ್ತಾರೆ, ನಾಳವನ್ನು ಸಾಧ್ಯವಾದಷ್ಟು ಗಿಡ್ಡ ಮಾಡುತ್ತಾರೆ. ಆದರೆ ಎಳೆದು ಕಟ್ಟಿದಷ್ಟು ಗಿಡ್ಡವೂ ಇರಬಾರದು.

ದಾನಿಯಿಂದ ತೆಗೆಯುವಾಗಲೂ ಈ ಎಚ್ಚರ ಬೇಕು. ಮೂತ್ರಪಿಂಡದ ಕೆಳತುದಿ, ಅದರ ಧಮನಿ, ಮೂತ್ರನಾಳ, ಈ ಮೂರರ ನಡುವೆ ಒಂದಿಷ್ಟು ಕೊಬ್ಬು ಇರುತ್ತದೆ. ಅನುಭವವಿಲ್ಲದ ಕೈ ಅದನ್ನು ಕಸ ಎಂದು ಕೆರೆದು ಹಾಕೀತು. ನಾಳಕ್ಕೆ ರಕ್ತ ತರುವ ಎಳೆಗಳು ಇರುವುದೇ ಆ ಕೊಬ್ಬಿನಲ್ಲಿ. ಶಸ್ತ್ರವೈದ್ಯರು ಅದನ್ನು ಬಂಗಾರದ ತ್ರಿಕೋನ ಎನ್ನುತ್ತಾರೆ. ಅಲ್ಲಿ ಕತ್ತರಿ ಆಡಿಸಿದರೆ ಅಂದು ಏನೂ ಗೊತ್ತಾಗುವುದಿಲ್ಲ. ಕೆಲವು ದಿನಗಳ ಮೇಲೆ ನಾಳದ ತುದಿ ಕೊಳೆತು ಸೋರುತ್ತದೆ, ಇಲ್ಲವೇ ತಿಂಗಳುಗಳ ಮೇಲೆ ಕಲೆಗಟ್ಟಿ ಕಿರಿದಾಗುತ್ತದೆ.

ಈಗ ಬೆಕ್ಕುಗಳ ವಿಷಯಕ್ಕೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಕ್ಲೇರ್ ಗ್ರೆಗರಿ ಮತ್ತು ಸಂಗಡಿಗರು ಮೂತ್ರಪಿಂಡ ಕೆಟ್ಟ ಸಾಕು ಬೆಕ್ಕುಗಳಿಗೆ ಚಿಕಿತ್ಸೆಯಾಗಿಯೇ ಕಸಿ ಮಾಡಿ 1987ರಲ್ಲಿ ವರದಿ ಪ್ರಕಟಿಸಿದರು. ಬೆಕ್ಕಿನ ಮೂತ್ರನಾಳದ ಒಳರಂಧ್ರ ಸುಮಾರು 0.4 ಮಿ.ಮೀ. ನಿಮ್ಮ ಸ್ಕೇಲಿನ ಒಂದು ಮಿಲಿಮೀಟರ್ ಮನೆಯ ಅರ್ಧವೂ ಇಲ್ಲ! ಸೂಕ್ಷ್ಮದರ್ಶಕದ ಕೆಳಗೆ, 8-0 ಎಂಬ ಅಳತೆಯ ದಾರದಲ್ಲಿ ಹೊಲಿಯುತ್ತಾರೆ. ಆ ದಾರ 0.05 ಮಿ.ಮೀ.ಗಿಂತ ತೆಳು.

ಮೊದಮೊದಲು ಸರಳ ದಾರಿ ಹಿಡಿದಿದ್ದರು. ಮೂತ್ರಕೋಶಕ್ಕೆ ತೂತು ಮಾಡಿ, ನಾಳದ ತುದಿಯನ್ನು ಒಳಗೆ ಇಳಿಬಿಟ್ಟು, ಹೊರಗಿನಿಂದ ಹೊಲಿದು ಬಿಡುವುದು. ಪೈಪ್ ಜೋಡಿಸುವ ಯಾರಾದರೂ ಮಾಡುವುದು ಅದನ್ನೇ. ಆದರೆ ಕತ್ತರಿಸಿದ ಹಸಿ ತುದಿ ಮೂತ್ರದಲ್ಲಿ ತೇಲುತ್ತಾ ಕೆರಳುತ್ತದೆ, ಊದಿಕೊಳ್ಳುತ್ತದೆ, ಸುತ್ತ ಗಂಟುಗಟ್ಟಿ ಆ ಸಣ್ಣ ರಂಧ್ರವನ್ನು ಮುಚ್ಚುತ್ತದೆ.

ಇಲ್ಲಿ ನಮ್ಮ ಭಾಷೆಯ ಪದವೇ ಅರ್ಧ ಉತ್ತರ ಹೇಳುತ್ತದೆ. ನಾವು ಇದನ್ನು ಕಸಿ ಎನ್ನುತ್ತೇವೆ, ಮಾವಿನ ಗಿಡಕ್ಕೆ ಕಸಿ ಕಟ್ಟಿದಂತೆ. ಕಸಿ ಕಟ್ಟುವವರು ಕೊಂಬೆಯನ್ನು ಅಡ್ಡಡ್ಡ ಕೊಯ್ಯುವುದಿಲ್ಲ, ಓರೆಯಾಗಿ ಸೀಳುತ್ತಾರೆ. ಗಾಯ ಅಗಲವಾಗಬೇಕು. ಆಮೇಲೆ ತೊಗಟೆಯ ಒಳಗಿನ ಹಸಿರು ಪದರಕ್ಕೆ ಹಸಿರು ಪದರವನ್ನೇ ಕೂಡಿಸುತ್ತಾರೆ. ಹೊರತೊಗಟೆಗೆ ಹೊರತೊಗಟೆ ಎಷ್ಟು ಬಿಗಿಯಾಗಿ ಕಟ್ಟಿದರೂ ಕಸಿ ಹಿಡಿಯದು. ಮೂತ್ರನಾಳಕ್ಕೂ ಇದೇ ಎರಡು ನಿಯಮ. ತುದಿಯನ್ನು ಉದ್ದಕ್ಕೆ ಕೆಲವು ಮಿ.ಮೀ. ಸೀಳಿ ಬಾಯಿಯನ್ನು ಅಗಲ ಮಾಡುತ್ತಾರೆ. ದುಂಡಗಿನ ಹೊಲಿಗೆ ಮಾಯುವಾಗ ಉಂಗುರದಂತೆ ಬಿಗಿಯುತ್ತದೆ, ಓರೆ ಹೊಲಿಗೆಗೆ ಆ ಭಯ ಕಡಿಮೆ. ಮತ್ತೆ ನಾಳದ ಒಳಪದರವನ್ನು ಮೂತ್ರಕೋಶದ ಒಳಪದರಕ್ಕೇ ಸೇರಿಸಿ ಹೊಲಿಯುತ್ತಾರೆ. ಆಗ ಹಸಿ ಗಾಯ ಮೂತ್ರಕ್ಕೆ ತೆರೆದುಕೊಳ್ಳುವುದಿಲ್ಲ, ಎರಡು ಪದರಗಳು ಬೇಗ ಬೆಸೆದುಕೊಳ್ಳುತ್ತವೆ. ಗ್ರೆಗರಿ ತಂಡ ಈ ರೀತಿಯ ಹೊಲಿಗೆಯನ್ನು 1996ರಲ್ಲಿ ಪ್ರಕಟಿಸಿತು.

ಇದನ್ನು ಎರಡು ಕಡೆಯಿಂದ ಮಾಡಬಹುದು. ಒಂದು, ಮೂತ್ರಕೋಶವನ್ನು ಉದ್ದಕ್ಕೆ ತೆರೆದು ಒಳಗಿನಿಂದ ಹೊಲಿಯುವುದು. ಎಲ್ಲ ಚೆನ್ನಾಗಿ ಕಾಣುತ್ತದೆ, ಆದರೆ ಮೂತ್ರಕೋಶಕ್ಕೆ ದೊಡ್ಡ ಗಾಯ. ಮನುಷ್ಯರಲ್ಲಿ 1958ರ ಪೊಲಿಟಾನೊ–ಲೆಡ್‌ಬೆಟರ್ ವಿಧಾನ ಈ ಜಾತಿಯದು. ಇನ್ನೊಂದು, ಹೊರಗಿನಿಂದಲೇ ಮಾಡುವುದು. ಮೂತ್ರಕೋಶದ ಸ್ನಾಯುವನ್ನು ಸುಮಾರು ಒಂದು ಸೆಂಟಿಮೀಟರ್ ಸೀಳಿದರೆ ಒಳಪದರ ಗುಳ್ಳೆಯಂತೆ ಉಬ್ಬಿ ಬರುತ್ತದೆ. ಅದರಲ್ಲಿ ಸಣ್ಣ ಕಿಂಡಿ ಮಾಡಿ, ನಾಳದ ಸೀಳಿದ ಬಾಯಿಯನ್ನು ಕೂಡಿಸಿ ಹೊಲಿದು, ಸ್ನಾಯುವನ್ನು ಮೇಲೆ ಸಡಿಲವಾಗಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ ಸ್ನಾಯು ಆಡಿನ ಮೂತ್ರಕೋಶದಲ್ಲಿ ನೀವು ನೋಡಿದ ಆ ಓರೆ ಸುರಂಗದ ಕೆಲಸ ಮಾಡುತ್ತದೆ. ಲಿಚ್ 1961ರಲ್ಲಿ, ಗ್ರೆಗ್ವಾರ್ 1964ರಲ್ಲಿ ಹೇಳಿದ ಈ ವಿಧಾನವೇ ಇಂದು ಮನುಷ್ಯರ ಕಸಿಯಲ್ಲಿ ಹೆಚ್ಚು ಬಳಕೆಯಲ್ಲಿದೆ. ಬೆಕ್ಕುಗಳಲ್ಲಿ ಈ ವಿಧಾನಗಳನ್ನು ಹೋಲಿಸಿ ನೋಡಿದ ಅಧ್ಯಯನ 2005ರಲ್ಲಿ ಬಂತು. ಹೊರಗಿನಿಂದ ಹೊಲಿದದ್ದೇ ಮೇಲು ಎಂದು ಕಂಡಿತು. ಅದೇ ವರ್ಷ ಇನ್ನೊಂದು ಉಪಾಯವೂ ಪ್ರಕಟವಾಯಿತು. ನಾಳ ತೆರೆಯುವ ಜಾಗದ ಪುಟ್ಟ ಉಬ್ಬನ್ನು ಮೂತ್ರಕೋಶದಿಂದ ಕತ್ತರಿಸಿ, ನಾಳದ ಸಮೇತ ತಂದು ನೆಡುವುದು. ಸುಮಾರು ನೂರು ವರ್ಷದ ಹಿಂದಿನ ಕ್ಯಾರೆಲ್‌ನ ಮಣ್ಣಿನ ಹೆಂಟೆ ಮತ್ತೆ ಬಂದಂತಾಯಿತು!

ಹೊಲಿಗೆ ಮುಗಿದ ಮೇಲೆ ಬೆಕ್ಕಿನ ಹೊಸ ಮೂತ್ರಪಿಂಡವನ್ನು ಹೊಟ್ಟೆಯ ಗೋಡೆಗೆ ಟಾಕಾ ಹಾಕಿ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಅದು ತಿರುಗಿ ರಕ್ತನಾಳ ಮುರುಟಿಕೊಳ್ಳಬಹುದು. ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಹೊಸದು ಕೆಲಸ ಶುರು ಮಾಡುವವರೆಗೆ ಅವೂ ಇರಲಿ ಎಂದು.

ಈಗ ಸ್ಟೆಂಟ್ ಪ್ರಶ್ನೆ. ನಮ್ಮ ಆಸ್ಪತ್ರೆಗಳಲ್ಲಿ ಡಿಜೆ ಸ್ಟೆಂಟ್ ಎನ್ನುವುದು ಎರಡೂ ತುದಿ ಕೊಕ್ಕೆಯಂತೆ ಬಾಗಿದ ಮೆತ್ತನೆಯ ಕೊಳವೆ. ಒಂದು ಕೊಕ್ಕೆ ಮೂತ್ರಪಿಂಡದಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ನಿಲ್ಲುತ್ತದೆ. ಹೊಲಿಗೆ ಹಾಕಿದ ಜಾಗ ಮೊದಲ ದಿನಗಳಲ್ಲಿ ಊದಿಕೊಂಡರೂ ಮೂತ್ರ ಇಳಿಯಲು ದಾರಿ ಇರಲಿ, ಹೊಲಿಗೆಯ ಮೇಲೆ ಒತ್ತಡ ಬೀಳದಿರಲಿ ಎಂದು ಅದನ್ನು ಬಿಡುತ್ತಾರೆ. ಶಾಶ್ವತವಾಗಿ ಬಿಡುವಂತಿಲ್ಲ. ಅದು ಹೊರಗಿನ ವಸ್ತು, ಅದರ ಮೇಲೆ ರೋಗಾಣು ಕೂರುತ್ತದೆ, ಹರಳು ಕಟ್ಟುತ್ತದೆ. ಆದ್ದರಿಂದ ಹೇಳಿದ ದಿನಕ್ಕೆ ಹೋಗಿ ತೆಗೆಸಲೇಬೇಕು. ನೋವಿಲ್ಲ, ಆರಾಮಾಗಿದ್ದೀನಿ ಎಂದು ಮರೆಯುವ ಹಾಗಿಲ್ಲ.

ನೋವಿನ ಮಾತು ಬಂದದ್ದಕ್ಕೆ ಒಂದು ವಿಷಯ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಯಾರಿಗಾದರೂ ಮೂತ್ರನಾಳದಲ್ಲಿ ಕಲ್ಲು ಸಿಕ್ಕಿದರೆ ನೆಲದ ಮೇಲೆ ಹೊರಳಾಡುವಷ್ಟು ನೋವು ಬರುತ್ತದೆ. ಕಸಿ ಮಾಡಿದ ಮೂತ್ರನಾಳ ಕಟ್ಟಿದರೆ ಆ ನೋವು ಬರುವುದಿಲ್ಲ. ನರ ಕಡಿದುಹೋಗಿದೆಯಲ್ಲ. ಮೂತ್ರಪಿಂಡ ಒಳಗೇ ಊದುತ್ತಿರುತ್ತದೆ, ರೋಗಿ ಊಟ ಮಾಡಿಕೊಂಡು ಓಡಾಡಿಕೊಂಡಿರುತ್ತಾನೆ. ಗೊತ್ತಾಗುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಿಂದ, ಸ್ಕ್ಯಾನಿಂಗ್‌ನಿಂದ ಮಾತ್ರ. ಬೆಂಗಳೂರಿಗೋ ಮಣಿಪಾಲಕ್ಕೋ ಚೆಕಪ್‌ಗೆ ಹೋಗಲು ಬಸ್ ಖರ್ಚು, ಒಂದು ದಿನದ ಕೂಲಿ ಎರಡೂ ಹೋಗುತ್ತದೆ ಎಂದು ಹೊನ್ನಾಳಿ, ಜಗಳೂರಿನ ಮನೆಗಳಲ್ಲಿ ತಿಂಗಳು ಮುಂದೂಡುವುದನ್ನು ನಾನು ಕಂಡಿದ್ದೇನೆ. ಆ ಮನೆಗಳಲ್ಲಿ ವಿಜ್ಞಾನ ಓದುವವರು ನೀವೊಬ್ಬರೇ ಇರಬಹುದು. ಈ ಕಾರಣವನ್ನು ಹಿರಿಯರಿಗೆ ಅರ್ಥವಾಗುವಂತೆ ಹೇಳಿ.

2021ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಮಾಂಟ್ಗೊಮೆರಿ ತಂಡ ಜೀನ್ ಬದಲಿಸಿದ ಹಂದಿಯ ಮೂತ್ರಪಿಂಡವನ್ನು ಮೆದುಳು ನಿಷ್ಕ್ರಿಯಗೊಂಡಿದ್ದ ಒಬ್ಬರ ತೊಡೆಯ ರಕ್ತನಾಳಕ್ಕೆ ಜೋಡಿಸಿ 54 ಗಂಟೆ ಗಮನಿಸಿತು. ಹಂದಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಅದನ್ನು ಆಲಿಮರ ಹತ್ತಿರ ಕೇಳಬೇಕು, ಜೀವಶಾಸ್ತ್ರದ ಮೇಷ್ಟ್ರ ಹತ್ತಿರ ಅಲ್ಲ. ನಾನು ಗಮನಿಸಿದ್ದು ಮೂತ್ರನಾಳವನ್ನು. ಆ ಮೊದಲ ಪ್ರಯೋಗದಲ್ಲಿ ಅದನ್ನು ಎಲ್ಲಿಗೂ ಹೊಲಿಯದೆ, ಮೂತ್ರ ಬರುತ್ತದೆಯೇ ಎಂದು ಹೊರಗೇ ನೋಡಿದರು. 1902ರ ವಿಯೆನ್ನಾದ ನಾಯಿಗೂ ಮಾಡಿದ್ದು ಇದನ್ನೇ. 2024ರ ಮಾರ್ಚ್ 16ರಂದು ಬೋಸ್ಟನ್ನಿನಲ್ಲಿ ಜೀವಂತ ರೋಗಿಗೆ ಅಂಥ ಮೂತ್ರಪಿಂಡ ಹಾಕಿದಾಗ ನಾಳವನ್ನು ಮೂತ್ರಕೋಶಕ್ಕೆ ಸೇರಿಸಬೇಕಾಯಿತು.

ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಬಂತು. ದಾನ ಮಾಡಿದ ಬೆಕ್ಕಿನ ಗತಿ ಏನು ಸಾರ್? ಮನುಷ್ಯರಲ್ಲಿ ದಾನಿ ಒಪ್ಪಿ ಸಹಿ ಹಾಕಬೇಕು. 1994ರ ಅಂಗಾಂಗ ಕಸಿ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಬೆಕ್ಕು ಸಹಿ ಹಾಕದು. ಅಮೆರಿಕದ ಆಸ್ಪತ್ರೆಗಳು ಇದಕ್ಕೆ ಒಂದು ಷರತ್ತು ಇಟ್ಟಿವೆ. ಮೂತ್ರಪಿಂಡ ಪಡೆದ ಬೆಕ್ಕಿನ ಯಜಮಾನರು ಕೊಟ್ಟ ಬೆಕ್ಕನ್ನೂ ಮನೆಗೆ ಕರೆದೊಯ್ದು ಜೀವನಪರ್ಯಂತ ಸಾಕಬೇಕು. ಅಷ್ಟು ಸಾಕೇ ಎಂಬುದರ ಬಗ್ಗೆ ತರಗತಿಯಲ್ಲಿ ಗಂಟೆ ಹೊಡೆಯುವವರೆಗೂ ವಾದ ನಡೆಯಿತು. ಹುಡುಗಿಯರಲ್ಲಿ ಹೆಚ್ಚಿನವರು ಸಾಲದು ಅಂದರು, ನನಗೂ ಪೂರ್ತಿ ಸಮಾಧಾನವಿಲ್ಲ.

ಇಂಥ ಕೆಲಸದಲ್ಲಿ ಆಸಕ್ತಿ ಇರುವವರು ಎಂಬಿಬಿಎಸ್ ಒಂದೇ ದಾರಿ ಎಂದುಕೊಳ್ಳಬೇಡಿ. ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು, ಕೆಸಿಇಟಿ ಮೂಲಕ ಸೀಟು ಸಿಗುತ್ತದೆ, ಹತ್ತಿರದ ಕಾಲೇಜು ಶಿವಮೊಗ್ಗದಲ್ಲೇ ಇದೆ. ಕುರಿಯ ಮೂತ್ರ ಕಟ್ಟಿದಾಗ ಮೂತ್ರಕೋಶಕ್ಕೆ ಕೊಳವೆ ಹಾಕಿ ಜೀವ ಉಳಿಸುವ ಶಸ್ತ್ರಚಿಕಿತ್ಸೆಯನ್ನು ಅಲ್ಲಿ ಕಲಿಯಬಹುದು. ಆಡಿನ ಮೂತ್ರಕೋಶದ ಪ್ರಯೋಗ ಮಾಡುವ ಇಚ್ಛೆ ಇರುವವರು ಗ್ಲೌಸ್ ತೆಗೆದುಕೊಂಡು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ. ನಾಲ್ಕು ಸೆಟ್ ತರಿಸುತ್ತೇನೆ, ಒಂದಕ್ಕೆ ಐದು ಜನ.